ಹುಲ್ಲುಹಾಸಿನ ಅಂಚು

ವರುಷಕ್ಕೊಮ್ಮೆ ನಡೆಯುವ ಕೂಟಕ್ಕೆ ಬರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ, ಮಕ್ಕಳನ್ನು ಬಿಡಲು ಬರುವ ತಂದೆತಾಯಂದಿರೂ ಶಾಲೆಯ ಮುಂದಣ ಹುಲ್ಲುಹಾಸನ್ನು ನೋಡಿ, ಅದರ ಅಂಚು ಗೆರೆ ಎಳೆದಂತೆ ನಿಂತಿರುವುದು ಹೇಗೆಂದು ಕೇಳುವುದುಂಟು. ತಮ್ಮ ಮನೆಗಳಲ್ಲಿಯೂ ವಾರಕ್ಕೊಮ್ಮೆ ಹುಲ್ಲನ್ನು ಕತ್ತರಿಸುತ್ತಾರಂತೆ. ಆದರೂ ದಾರಿಯ ಬದಿಯಲ್ಲಿ ಅದು ಹರಕು ಸೆರಗಿನಂತೆ ಕಾಣುತ್ತದಂತೆ. ಈ ಸಂಗತಿಯನ್ನು ಕೂಟದ ಗದ್ದಲದಲ್ಲಿ ನಿಂತು ವಿವರಿಸುವುದಕ್ಕಿಂತ ಇಲ್ಲಿ ಬರೆಯುವುದೇ ಲೇಸೆಂದು ತೋರಿತು.

ಮೊದಲು ಹುಲ್ಲಿನ ಸ್ವಭಾವವನ್ನು ತಿಳಿದುಕೊಳ್ಳಬೇಕು. ಕತ್ತರಿಸಿದ ಹುಲ್ಲುಹಾಸಿನ ಪದ್ಧತಿಯು ನಮಗೆ ಇಂಗ್ಲೆಂಡಿನಿಂದ ಬಂದುದು. ಅಲ್ಲಿಯ ಗ್ಲಾಸ್ಟರ್‌ಷೈರಿನ ಎಡ್ವಿನ್ ಬಡ್ಡಿಂಗ್ ಎಂಬಾತನು, ಉಣ್ಣೆಯ ಬಟ್ಟೆಯ ಮೇಲಣ ಜುಂಗನ್ನು ಕತ್ತರಿಸುವ ಯಂತ್ರದ ಮಾದರಿಯನ್ನು ಅನುಸರಿಸಿ, 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ನಿರ್ಮಿಸಿದನು. ಅದಕ್ಕೆ ಮುಂಚೆ ಕುಡುಗೋಲೂ ಕುರಿಗಳೂ ಆ ಕೆಲಸವನ್ನು ಮಾಡುತ್ತಿದ್ದುವು. ಆ ಶೀತದೇಶದ ಹುಲ್ಲುಗಳಲ್ಲಿ ಅನೇಕವು ಬುಡದಲ್ಲಿಯೇ ತೆಂಡೆಯೊಡೆದು ಗುಂಪಾಗಿ ಬೆಳೆಯತಕ್ಕವು. ಅಂಚಿನ ಮೇಲೆ ಬಾಗಿದ ಗರಿಗಳನ್ನು ಕತ್ತರಿಸಿದರೆ ಬಹುಮಟ್ಟಿಗೆ ಸಾಕು. ಬೆಂಗಳೂರು, ಮೈಸೂರುಗಳ ಕಡೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗರಿಕೆಯಾದರೋ ಹರಿಯುವ ಹುಲ್ಲು. ಅದು ನೆಲದ ಮೇಲೆ ಬಳ್ಳಿಯಂತೆ ಹಬ್ಬಿ, ಗಿಣ್ಣುಗಿಣ್ಣಿನಲ್ಲಿಯೂ ಬೇರು ಬಿಡುತ್ತದೆ. ಅದೇ ಕಾಲದಲ್ಲಿ ನೆಲದೊಳಗೂ ಬಿಳಿಯ ಕಾಂಡಗಳನ್ನು ಚಾಚಿ, ಒಂದು ಗೇಣು ದೂರದಲ್ಲಿ ತಲೆಯೆತ್ತುತ್ತದೆ. ಆದುದರಿಂದ ಇಂಗ್ಲಿಷ್ ತೋಟದ ಪುಸ್ತಕವನ್ನು ಓದಿ ಕತ್ತರಿಯೊಂದನ್ನೇ ನಂಬಿದವರು, ಬಾಗಿಲಿಗೆ ಬೀಗ ಹಾಕಿ ಹಿತ್ತಲನ್ನು ತೆರೆದಿಟ್ಟವರಂತೆ ಆಗುತ್ತಾರೆ.

ಇದಕ್ಕೆ ಉಪಾಯವು ಅಂಚಿನ ಬುಡದಲ್ಲಿ ಒಂದು ಸಣ್ಣ ಕಾಲುವೆ. ದಾರಿಯ ಎರಡು ತುದಿಗಳಲ್ಲಿಯೂ ಗೂಟ ನೆಟ್ಟು ಹುರಿಯನ್ನು ಬಿಗಿಯಾಗಿ ಕಟ್ಟಬೇಕು. ಅರ್ಧಚಂದ್ರಾಕಾರದ ಅಲಗುಳ್ಳ ಸಲಿಕೆ ದೊರೆತರೆ ಉತ್ತಮ. ಇಲ್ಲವಾದರೆ ಬಾಯಿ ನೇರವಾಗಿಯೂ ಹರಿತವಾಗಿಯೂ ಇರುವ ಸಾಧಾರಣ ಸಲಿಕೆಯೇ ಆದೀತು. ಗುದ್ದಲಿ ಮಾತ್ರ ಬೇಡ; ಅದು ತನ್ನ ಕಡೆಗೆ ಎಳೆಯುವ ಸಾಧನವಾದುದರಿಂದ ಅಂಚನ್ನೇ ಕಿತ್ತುಹಾಕುತ್ತದೆ. ಹುರಿಯ ಗುಂಟ ಸಲಿಕೆಯನ್ನು ನೆಟ್ಟಗೆ ನಿಲ್ಲಿಸಿ, ಕಾಲಿನಿಂದ ಒತ್ತಿ, ಮೂರು ಅಂಗುಲ ಆಳಕ್ಕೆ ಇಳಿಸಬೇಕು. ಆಮೇಲೆ ದಾರಿಯ ಕಡೆಯಿಂದ ಓರೆಯಾಗಿ ಕಡಿದು ಮಣ್ಣನ್ನು ತೆಗೆದರೆ, ಹುಲ್ಲಿನ ಕಡೆ ಗೋಡೆಯಂತೆಯೂ ದಾರಿಯ ಕಡೆ ಇಳಿಜಾರಾಗಿಯೂ ಇರುವ ಕಾಲುವೆಯು ಉಂಟಾಗುತ್ತದೆ. ಮೇಲೆ ಹರಿದು ಬಂದ ಬಳ್ಳಿಯು ಇಲ್ಲಿ ಊರಲು ನೆಲ ಕಾಣದೆ ಜೋತಾಡುತ್ತ ಕತ್ತರಿಗೆ ಸಿಕ್ಕುತ್ತದೆ. ಕೆಳಗಿನ ಕಾಂಡವು ಹೊರಗೆ ಬಂದು ಕಣ್ಣಿಗೆ ಬೀಳುತ್ತದೆ. ಇನ್ನೂ ಆಳದಲ್ಲಿ ನುಸುಳಿ ದಾರಿಯಲ್ಲಿ ಎದ್ದವುಗಳನ್ನು ಕಾಂಡಸಹಿತ ಅಗೆದು ತೆಗೆಯಬೇಕು. ಮಳೆಯ ನೀರೂ ದಾರಿಯ ಮೇಲೆ ನಿಲ್ಲದೆ ಈ ಕಾಲುವೆಗೆ ಇಳಿಯುತ್ತದೆ. ನಮ್ಮ ಕೆಮ್ಮಣ್ಣು ಒಣಗಿದಾಗ ಇಟ್ಟಿಗೆಯಂತೆ ಗಟ್ಟಿ, ತೊಯ್ದಾಗ ಸಲಿಕೆಗೆ ಅಂಟು. ಆದಕಾರಣ ಮಳೆ ಬಂದ ಮರುದಿನವೇ ಈ ಕೆಲಸಕ್ಕೆ ತಕ್ಕ ದಿನ.

ಕಾಲುವೆ ಕಡಿಯುವುದಕ್ಕಿಂತ ಕಷ್ಟವಾದುದು ಗೆರೆಯನ್ನು ಅದರ ಸ್ಥಳದಲ್ಲಿಯೇ ಉಳಿಸುವುದು. ಒಂದು ಲೆಕ್ಕ ಮಾಡಿ ನೋಡಿರಿ. ಆರು ಅಡಿ ಅಗಲದ ದಾರಿಯ ಮೇಲೆ ಗರಿಕೆಯು ಒಂದೊಂದು ಬದಿಯಿಂದಲೂ ವರುಷಕ್ಕೆ ನಾಲ್ಕೇ ಅಂಗುಲ ಬಂದರೂ ಮೂರು ವರುಷಗಳಲ್ಲಿ ಎರಡು ಅಡಿ ಹೋಯಿತು. ಮೂವರು ಬಾಲಕಿಯರು ಕೈಹಿಡಿದು ನಡೆಯುತ್ತಿದ್ದಲ್ಲಿ ಇಬ್ಬರೇ ನಡೆಯಬೇಕು. ಅತಿ ಉತ್ಸಾಹದ ಮಾಲಿಯು ಮಾಡುವುದು ಇದಕ್ಕೆ ವಿರುದ್ಧ. ಅವನು ಹುರಿ ಕಟ್ಟದೆ ಕಣ್ಣಳತೆಯಲ್ಲಿ ಕಡಿಯುತ್ತ, ಪ್ರತಿ ಸಲವೂ ಒಂದು ಅಂಗುಲ ಹುಲ್ಲನ್ನು ಹೆಚ್ಚಾಗಿ ತೆಗೆದು, ಕೆಲವು ವರುಷಗಳಲ್ಲಿ ದಾರಿಯನ್ನು ಹೆದ್ದಾರಿ ಮಾಡಿಬಿಡುತ್ತಾನೆ. ಹುಲ್ಲು ಕರಗಿದುದು ಯಾರಿಗೂ ತಿಳಿಯುವುದಿಲ್ಲ. ಅಂಚು ಸದಾ ಹೊಸದಾಗಿಯೇ ಕಾಣುತ್ತಿರುತ್ತದಲ್ಲವೇ? ಆದುದರಿಂದ ಮೊದಲ ಸಲ ಅಳೆದಾಗಲೇ ಇಪ್ಪತ್ತು ಅಡಿಗೊಂದರಂತೆ ಗುರುತಿನ ಕಲ್ಲನ್ನು ನೆಲದ ಮಟ್ಟಕ್ಕೆ ಹೂತು, ಪ್ರತಿ ಸಲವೂ ಹುರಿಯನ್ನು ಅದಕ್ಕೆ ಸರಿಯಾಗಿ ಹಿಡಿಯತಕ್ಕದ್ದು.

ಇಷ್ಟು ನಿಷ್ಠುರವೇಕೆಂದು ಕೇಳುವವರಿರಬಹುದು. ಕಣ್ಣು ಕಾಣದವರು ಬಿಳಿಯ ಕೋಲನ್ನು ಹಿಡಿದು ನಡೆಯುವಾಗ, ಗಟ್ಟಿಯಾದ ದಾರಿಯೂ ಮೆತ್ತನೆಯ ಹುಲ್ಲೂ ಕೂಡುವ ಅಂಚನ್ನು ಕೋಲಿನ ತುದಿಯಿಂದ ಮುಟ್ಟುತ್ತ, ಅದರ ಗುಂಟ ಹೋಗುವುದುಂಟು. ನಡಿಗೆಯನ್ನು ಕಲಿಸುವವರು ಇದನ್ನು ಪಾಠವಾಗಿಯೇ ಹೇಳಿಕೊಡುತ್ತಾರೆ. ಅಂಚು ಅಲ್ಲಲ್ಲಿ ಮುಂದೆ ಬಂದು ಅಲ್ಲಲ್ಲಿ ಹಿಂದೆ ಸರಿದಿದ್ದರೆ ಅಂಥ ಬಾಲಕಿಗೆ ದಾರಿಯೇ ತಪ್ಪಿದಂತೆ. ಗಾಲಿಕುರ್ಚಿಯಲ್ಲಿ ಬರುವವಳಿಗೋ, ಹುಲ್ಲು ನುಂಗಿದ ಒಂದೊಂದು ಅಂಗುಲವೂ ನಷ್ಟವೇ. ಆದರೆ ಇವರು ನಡೆಯುವ ದಾರಿಯ ಪಕ್ಕದಲ್ಲಿ ತೆರೆದ ಕಾಲುವೆ ಕೂಡದು. ಚಕ್ರವೂ ಕೋಲೂ ಅದರಲ್ಲಿ ಇಳಿದಾವು, ವೃದ್ಧರ ಕಾಲು ಉಳುಕೀತು. ಗೇಟಿನಿಂದ ಜಗುಲಿಯ ವರೆಗಿನ ದಾರಿಗೆ, ಕಾಲುವೆಗೆ ಬದಲಾಗಿ ಒಂದು ಅಡಿ ಅಗಲದ ಕಲ್ಲುಚಪ್ಪಡಿಯನ್ನು ಮಟ್ಟಸವಾಗಿ ಹಾಸುವುದೇ ಸರಿ. ಚಪ್ಪಡಿಯ ಮೇಲೆ ಹತ್ತಿದ ಬಳ್ಳಿಯನ್ನು ಕತ್ತರಿಸುವುದೂ ಸುಲಭ. ಖರ್ಚು ಹೆಚ್ಚೆಂಬುದನ್ನು ಒಪ್ಪುತ್ತೇನೆ.

ಸುಣ್ಣ ಬಳಿದ ಇಟ್ಟಿಗೆಗಳನ್ನು ಓರೆಯಾಗಿ ಸಾಲುಗಟ್ಟಿ ನೆಡುವುದು ನಮ್ಮಲ್ಲಿ ಹಳೆಯ ರೂಢಿ. ದೊಡ್ಡ ಮನುಷ್ಯರು ಬರುವ ದಿನ ಅದು ಚೆಲುವೇ. ಆದರೆ ಗರಿಕೆಯು ಇಟ್ಟಿಗೆಗಳ ಸಂದಿನಲ್ಲಿ ಬೇರೂರಿದರೆ ಇಟ್ಟಿಗೆಯನ್ನು ಕೀಳದೆ ಅದನ್ನು ಕೀಳುವಂತಿಲ್ಲ. ಈಗ ಎಲ್ಲೆಲ್ಲಿಯೂ ಹಾಸುವ ಸಿಮೆಂಟಿನ ಬಿಲ್ಲೆಗಳ ಪಾಡೂ ಇಷ್ಟೇ.

ನೈಲಾನ್ ದಾರವನ್ನು ಗಿರ್ರನೆ ತಿರುಗಿಸಿ ಹುಲ್ಲು ಕತ್ತರಿಸುವ ಯಂತ್ರವನ್ನು ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲಾಸ್ ಎಂಬವರು 1971ರಲ್ಲಿ ಕಂಡುಹಿಡಿದರು. ಅದು ಬಳ್ಳಿಯ ಮೇಲ್ಭಾಗವನ್ನು ಬೇಗ ಸವರುತ್ತದೆ, ಅಷ್ಟೆ. ಅದು ಜಲ್ಲಿಯನ್ನು ಸಿಡಿಸುವುದರಿಂದ ಮಕ್ಕಳು ಸುಳಿಯದ ವೇಳೆಯಲ್ಲಿಯೇ ಉಪಯೋಗಿಸಬೇಕು. ಸಸಿಗಳ ತೊಗಟೆಯನ್ನೂ ಸುಲಿಯುತ್ತದೆ. ಕೆಲವರು ದಾರಿಯ ಬದಿಗೆ ಉಪ್ಪು ಸುರಿಯುತ್ತಾರೆ. ಒಂದು ಮಳೆಗೆ ಅದು ಹುಲ್ಲುಹಾಸಿನ ಮಣ್ಣಿಗೆ ಇಳಿಯುತ್ತದೆ. ಕಳೆನಾಶಕಗಳಲ್ಲಿ ಕೆಲವು ಎಲೆಯಿಂದ ಕಾಂಡಕ್ಕೆ ಹರಿಯತಕ್ಕವು. ದಾರಿಯಲ್ಲಿರುವ ಬಳ್ಳಿಗೂ ಒಳಗಿನ ಹುಲ್ಲಿಗೂ ಕಾಂಡ ಒಂದೇ ಆದುದರಿಂದ ಅಂಚು ಒಳಗಿನ ವರೆಗೂ ಸುಟ್ಟುಹೋದೀತು. ಬರಿಗಾಲಿನ ಮಕ್ಕಳು ಆಡುವಲ್ಲಿ ಅವು ನನಗೆ ಸಮ್ಮತವಲ್ಲ.

ಗಾಡಿದಾರಿಯ ತಿರುವಿನಲ್ಲಿ ಅಂಚು ಕುಸಿಯುವುದು ಹುಲ್ಲಿನಿಂದಲ್ಲ, ಮೋಟಾರು ಕಾರಿನ ಹಿಂದಣ ಚಕ್ರದಿಂದ. ಅದು ಮುಂದಣ ಚಕ್ರಕ್ಕಿಂತ ಒಳಬದಿಯಲ್ಲಿ ತಿರುಗುತ್ತದೆಂಬುದನ್ನು ತಂದೆಯವರು ದಯವಿಟ್ಟು ನೆನಪಿನಲ್ಲಿಡಬೇಕು. ಅಂಥಲ್ಲಿ ಕಲ್ಲನ್ನು ಗಟ್ಟಿಯಾಗಿ ಹೂಳುವುದಲ್ಲದೆ ಬೇರೆ ಉಪಾಯವಿಲ್ಲ.

ಮೇ ತಿಂಗಳಿನಲ್ಲಿ ಮುಂಗಾರಿಗೆ ಮೊದಲೊಮ್ಮೆ, ನವೆಂಬರಿನಲ್ಲಿ ಮಳೆ ಹಿಂಗಿದ ಮೇಲೊಮ್ಮೆ ಹುರಿ ಕಟ್ಟಿ ಸಲಿಕೆ ಹಿಡಿದರೆ ಸಾಕು. ಮಳೆಗಾಲದಲ್ಲಿ ಹತ್ತು ಹದಿನೈದು ದಿನಗಳಿಗೊಮ್ಮೆ ಕತ್ತರಿಯ ಕೆಲಸವುಂಟು. ಕಡಿದ ಬಳ್ಳಿಗಳನ್ನು ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕಬಾರದು. ಒಂದು ಗಿಣ್ಣು ಉಳಿದರೂ ಅಲ್ಲಿಯೇ ಚಿಗುರುತ್ತದೆ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು, ಇಲ್ಲವೇ ಹಸುವಿಗೆ ಹಾಕಬೇಕು. ಗಣೇಶನ ಚೌತಿಯ ಹಿಂದಿನ ದಿನ ನೆರೆಹೊರೆಯ ಮಕ್ಕಳು ಕುಡಿಗರಿಕೆಯನ್ನು ಕೇಳಿಕೊಂಡು ಬರುತ್ತಾರೆ. ಅವರಿಗೆ ಬುಟ್ಟಿಯನ್ನು ಕೊಟ್ಟು ಅಂಚನ್ನೇ ತೋರಿಸುತ್ತೇವೆ.