ಮಾಳಿಗೆಯ ಮನೆಯೂ ಮಧ್ಯಾಹ್ನದ ಬಿಸಿಲೂ

ಮೇ ತಿಂಗಳ ಒಂದು ಮಧ್ಯಾಹ್ನ ಕಂಪ್ಲಿಯ ಹಳೆಯ ಕೇರಿಯೊಂದನ್ನು ಹೊಕ್ಕು ನೋಡೋಣ. ಬೀದಿಯಲ್ಲಿ ಬರಿಗಾಲಿಡಲಾಗದಷ್ಟು ಬಿಸಿಲು. ಆದರೆ ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆಯೊಂದರ ಪಡಸಾಲೆಗೆ ಬಂದೊಡನೆ ಮೈಗೆ ತಂಪೆನಿಸುವುದು. ಅದೇ ಹೊತ್ತಿನಲ್ಲಿ ಹೊಸಪೇಟೆಯ ಹೊಸ ಬಡಾವಣೆಯ ಕಾಂಕ್ರೀಟು ಮನೆಯಲ್ಲಿ ಬೀಸಣಿಗೆ ತಿರುಗುತ್ತಿದ್ದರೂ ಬೆವರು ಆರದು. ಎರಡರ ಮೇಲೂ ಬಿದ್ದ ಬಿಸಿಲು ಒಂದೇ. ಹಾಗಾದರೆ ಈ ಅಂತರವೇಕೆ?

ಪ್ರಶ್ನೆ ಕುತೂಹಲಕ್ಕಷ್ಟೇ ಸೇರಿದುದಲ್ಲ. 2021ರಲ್ಲಿ ಹೊಸಪೇಟೆಯು ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಕೇಂದ್ರವಾದ ಊರು ಬೆಳೆಯದಿರದು. ಇಂದು ಕಟ್ಟಿದ ಮನೆ ಅರ್ಧ ಶತಮಾನವಾದರೂ ನಿಲ್ಲುವುದು. ಅದನ್ನು ತಪ್ಪಾಗಿ ಕಟ್ಟಿದರೆ ಅಷ್ಟೂ ಬೇಸಿಗೆಗಳ ಸೆಕೆಯನ್ನು ಸಹಿಸಬೇಕು, ಇಲ್ಲವೇ ವಿದ್ಯುತ್ತಿಗೆ ಹಣ ತೆರಬೇಕು.

ಸೂರ್ಯನು ಚಾವಣಿಯನ್ನು ಹಗಲು ಕಾಯಿಸುತ್ತಾನೆ. ಇರುಳು ಅದು ಆರುತ್ತದೆ. ಹೀಗೆ 24 ಗಂಟೆಗೊಮ್ಮೆ ಏರಿಳಿಯುವ ಒಂದು ಶಾಖದ ಅಲೆ ಚಾವಣಿಯೊಳಕ್ಕೆ ಇಳಿಯುತ್ತದೆ. ಇಳಿಯುತ್ತ ಇಳಿಯುತ್ತ ಅದು ಎರಡು ರೀತಿಯಲ್ಲಿ ಮಾರ್ಪಡುವುದು: ಮೊದಲನೆಯದಾಗಿ, ತಡವಾಗುವುದು, ಎರಡನೆಯದಾಗಿ, ಕುಗ್ಗುವುದು. ಉಷ್ಣವಹನದ ಸೂತ್ರದಿಂದ ಸ್ಥೂಲವಾಗಿ ಲೆಕ್ಕ ಹಾಕಿದರೆ, 10 ಸೆಂಟಿಮೀಟರು ದಪ್ಪದ ಕಾಂಕ್ರೀಟನ್ನು ಈ ಅಲೆ ಸುಮಾರು ಎರಡೂವರೆ ಗಂಟೆಯಲ್ಲಿ ದಾಟುತ್ತದೆ. ಅದರ ಏರಿಳಿತದಲ್ಲಿ ಅರ್ಧದಷ್ಟು ಒಳಗೆ ತಲಪುತ್ತದೆ. 30 ಸೆಂಟಿಮೀಟರು ಮಣ್ಣನ್ನು ದಾಟಲು ಸುಮಾರು ಹತ್ತು ಗಂಟೆ ಬೇಕು. ಒಳಗೆ ತಲಪುವುದು ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಎಂದರೆ ಮಧ್ಯಾಹ್ನ ಒಂದು ಗಂಟೆಯ ಬಿಸಿಲು ಕಾಂಕ್ರೀಟು ಮನೆಯೊಳಗೆ ಮೂರೂವರೆಗೆ ಹಾಜರು. ಮಾಳಿಗೆಯ ಮನೆಗೆ ಅದು ರಾತ್ರಿ ಹನ್ನೊಂದಕ್ಕೆ, ಬಲವಡಗಿ ಬರುವುದು. ಆ ವೇಳೆಗೆ ಹೊರಗಿನ ಗಾಳಿ ತಂಪಾಗಿರುವುದರಿಂದ ಕಿಟಕಿ, ಬೆಳಕಿಂಡಿಗಳನ್ನು ತೆರೆದರೆ ಸಾಕು.

ಹಾಗೆಂದು ಎಲ್ಲರೂ ಮಣ್ಣಿನ ಮಾಳಿಗೆಯನ್ನೇ ಹಾಕಬೇಕೆಂದು ನಾವು ಹೇಳುವುದಿಲ್ಲ. ಅಷ್ಟು ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು 500 ಕಿಲೋಗ್ರಾಂ ತೂಗುತ್ತದೆ. ಅದನ್ನು ಹೊರಲು ಗಟ್ಟಿ ತೊಲೆಗಳು ಬೇಕು. ಮಳೆಗಾಲಕ್ಕೆ ಮುನ್ನ ಮಾಳಿಗೆಯನ್ನು ದುರಸ್ತಿ ಮಾಡಬೇಕು. ಉಳಿಸಿಕೊಳ್ಳಬೇಕಾದುದು ಅದರ ತತ್ತ್ವ. ಕಾಂಕ್ರೀಟಿನ ಮೇಲೆ ಬಿಳಿಯ ಸುಣ್ಣ ಬಳಿದರೂ ಬಿಸಿಲಿನ ಬಹುಭಾಗ ಒಳಗಿಳಿಯುವ ಮುನ್ನವೇ ಪ್ರತಿಫಲಿಸಿ ಹೋಗುವುದು.

ಇನ್ನು ಗೋಡೆಗಳ ವಿಚಾರ. ಹೊಸಪೇಟೆಯು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬೇಸಿಗೆಯಲ್ಲಿ ನಡುಹಗಲಿನ ಸೂರ್ಯನು ನೆತ್ತಿಯ ಸಮೀಪದಲ್ಲೇ ಇರುವುದರಿಂದ ದಕ್ಷಿಣೋತ್ತರ ಗೋಡೆಗಳಿಗೆ ಚಿಕ್ಕದೊಂದು ಚಾಚೇ ನೆರಳು ಕೊಡಬಲ್ಲದು. ಮೂಡಣ ಪಡುವಣ ಗೋಡೆಗಳಿಗೆ ಬಿಸಿಲು ಓರೆಯಾಗಿ ಬೀಳುವುದರಿಂದ ಚಾಚು ಅಲ್ಲಿ ಸಾಲದು. ಆದರೆ ಪೂರ್ವ ಪಶ್ಚಿಮವಾಗಿ ಸಾಲು ಮನೆಗಳನ್ನು ಕಟ್ಟಿದರೆ ಆ ಗೋಡೆಗಳು ನೆರೆಯ ಮನೆಗೆ ಅಂಟಿಕೊಂಡು ಬಿಸಿಲಿನಿಂದ ಪಾರಾಗುತ್ತವೆ. ಗೋಡೆಯ ಖರ್ಚೂ ಇಬ್ಬರಲ್ಲಿ ಹಂಚಿಹೋಗುತ್ತದೆ.

ಮನೆ ತಂಪಾಗಿದ್ದರೆ ಸಾಲದು, ಅದನ್ನು ಕಟ್ಟುವಾಗಲೂ ಇಂಧನ ಉಳಿಯಬೇಕು. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಸುಡುವಾಗ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ 44 ಗ್ರಾಂ ಇಂಗಾಲದ ಡೈಆಕ್ಸೈಡು ಹೊರಬೀಳುವುದು. ಕುಲುಮೆಯ ಇಂಧನದ ಹೊಗೆ ಬೇರೆ. ಇದಕ್ಕೆ ಪರಿಹಾರ ದೂರದಲ್ಲಿಲ್ಲ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯಿದೆ. ಊದುಕುಲುಮೆಯ ಕಿಟ್ಟವನ್ನು ನುಣ್ಣಗೆ ಪುಡಿಮಾಡಿ ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಬಳಸಬಹುದು. ಭಾರತೀಯ ಮಾನಕವು ನೂರಕ್ಕೆ 25ರಿಂದ 70 ಭಾಗದವರೆಗೆ ಇದಕ್ಕೆ ಅವಕಾಶ ಕೊಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಸುಡದ ಇಟ್ಟಿಗೆಯ ಮೇಲೆ ಕೆಲಸ ಮಾಡಿತು. ಮಣ್ಣಿಗೆ ನೂರಕ್ಕೆ ಆರೇಳು ಭಾಗ ಸಿಮೆಂಟು ಬೆರೆಸಿ ಯಂತ್ರದಲ್ಲಿ ಅದುಮಿ, ಕೆಲವು ವಾರ ನೀರುಣಿಸಿದರೆ ಅದು ಸಿದ್ಧ. ಸಂಡೂರಿನ ಕೆಂಪು ಮಣ್ಣಿನಂಥದು ಇದಕ್ಕೆ ಒಗ್ಗುವುದು. ಎರೆ ಮಣ್ಣು ಮಾತ್ರ ನೀರು ಕುಡಿದು ಉಬ್ಬಿ, ಒಣಗಿ ಬಿರಿಯುವುದು. ಅದಕ್ಕೆ ಸುಣ್ಣ ಬೆರೆಸಬೇಕು.

ಕೊನೆಯದಾಗಿ ಹಸಿರು. ಒಂದು ಲೀಟರು ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೀರುತ್ತದೆ. ಮರದ ಎಲೆಗಳು ದಿನವೆಲ್ಲ ಮಾಡುವ ಕೆಲಸ ಇದೇ. ವಿಜಯನಗರದ ಅರಸರ ಕಾಲದ ತುರ್ತಾ ಕಾಲುವೆ ಇಂದಿಗೂ ಹಂಪಿಯ ಬಾಳೆತೋಟಗಳಿಗೆ ನೀರುಣಿಸುತ್ತಿದೆ. ಸುಡುವ ಬಂಡೆಗಳ ನಡುವಿನಿಂದ ಆ ತೋಟಕ್ಕೆ ಇಳಿದವರು ಈ ಹೀರಿಕೆಯನ್ನು ಚರ್ಮದಿಂದಲೇ ಬಲ್ಲರು. ಬಡಾವಣೆಯ ನಕ್ಷೆ ಬರೆಯುವಾಗಲೇ ಬೇವು, ಹೊಂಗೆಗಳಿಗೆ ಸಾಲು ಬಿಟ್ಟು, ಹಳೆಯ ಹಳ್ಳ ಕಾಲುವೆಗಳನ್ನು ಮುಚ್ಚದೆ, ನಡುವೆ ಒಂದು ಕಟ್ಟೆಗೆ ಸ್ಥಳ ಉಳಿಸಿದರೆ, ಹಕ್ಕಿಗೆ ಗೂಡು, ಮಕ್ಕಳಿಗೆ ಆಟ, ಹಿರಿಯರಿಗೆ ಮಾತು, ಗೋಡೆಗಳಿಗೆ ನೆರಳು ಒಟ್ಟಿಗೇ ದೊರೆಯುವುವು. ಇದನ್ನು ಒಬ್ಬ ಮನೆಯೊಡೆಯ ಸಾಧಿಸಲಾರ. ಕೇರಿಯೇ ಕೂಡಿ ಮಾಡಬೇಕು.

ನಮ್ಮ ಮಾತನ್ನು ವಿದ್ಯಾರ್ಥಿಗಳು ಸುಮ್ಮನೆ ನಂಬಬೇಕಾಗಿಲ್ಲ. ಒಂದು ಕಾಂಕ್ರೀಟು ಚಾವಣಿಯ ಕೆಳಗೂ ಒಂದು ಮಾಳಿಗೆಯ ಕೆಳಗೂ ಉಷ್ಣಮಾಪಕಗಳನ್ನು ತೂಗುಹಾಕಿ, ಬೆಳಗಿನಿಂದ ನಡುರಾತ್ರಿಯವರೆಗೆ ಗಂಟೆಗೊಮ್ಮೆ ಓದಿ, ನಕ್ಷಾಪತ್ರದಲ್ಲಿ ಎರಡು ರೇಖೆಗಳನ್ನು ಎಳೆಯಿರಿ. ಎರಡು ಶಿಖರಗಳು ಎಷ್ಟು ದೂರ ನಿಂತಿವೆಯೆಂಬುದನ್ನು ನೋಡಿರಿ. ಮುಂದೆ ನಿಮ್ಮಲ್ಲಿ ಹಲವರು ಮನೆ ಕಟ್ಟುವಿರಿ, ಕೆಲವರು ಊರನ್ನೇ ಕಟ್ಟುವಿರಿ. ಆಗ ಆ ಕಾಗದವನ್ನು ಒಮ್ಮೆ ನೆನೆದರೆ ಸಾಕು.