ಉಣ್ಣೆ ತರುವ ಚುಕ್ಕೆ ಜ್ವರ

ಕನ್ನಡದಲ್ಲಿ ಉಣ್ಣೆ ಎಂಬ ಶಬ್ದಕ್ಕೆ ಎರಡು ಅರ್ಥ. ಒಂದು, ಕುರಿಯ ಮೈಮೇಲೆ ಬೆಳೆದು ಕಂಬಳಿಯಾಗಿ ಮನುಷ್ಯನನ್ನು ಬೆಚ್ಚಗಿಡುವ ತುಪ್ಪಟ. ಇನ್ನೊಂದು, ಅದೇ ತುಪ್ಪಟದ ಬುಡದಲ್ಲಿ ಚರ್ಮ ಕಚ್ಚಿ ಕುಳಿತು ರಕ್ತ ಹೀರುವ ಹುಳು. ಗದಗ ಜಿಲ್ಲೆಯ ರೋಣ, ನರಗುಂದದ ಎರೆ ಹೊಲಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುರಿ ತರುಬುವುದನ್ನು ಕಂಡವರಿಗೆ, ಗಜೇಂದ್ರಗಡದ ಗುಡ್ಡದ ಸಾಲಿನಲ್ಲಿ ಆಡು ಮೇಯಿಸುವವರಿಗೆ ಈ ಎರಡೂ ಉಣ್ಣೆಗಳ ಪರಿಚಯ ಇದ್ದೇ ಇರುತ್ತದೆ. ಆ ಕಡೆಯ ಮಾತಿನಲ್ಲಿ ಹುಳುವಿಗೆ ಉಣ್ಣಿ ಎನ್ನುತ್ತಾರೆ. ಎತ್ತಿನ ಗಂಗೆದೊಗಲಿನಲ್ಲಿ, ಎಮ್ಮೆಯ ಕೆಚ್ಚಲಿನ ಸಂದಿಯಲ್ಲಿ, ನಾಯಿಯ ಕಿವಿಯೊಳಗೆ ಅದು ಸಿಗುತ್ತದೆ. ಕೆಚ್ಚಲಿನಲ್ಲೇ ವಾಸವಿದ್ದರೂ ಹಾಲಿನ ರುಚಿ ಅರಿಯದೆ ರಕ್ತವನ್ನೇ ಹೀರುವ ಜೀವಿಯೆಂದು ಹಿರಿಯರು ಅದರ ಉದಾಹರಣೆ ಕೊಟ್ಟು ಮಕ್ಕಳಿಗೆ ಬುದ್ಧಿ ಹೇಳುವುದೂ ಉಂಟು. ಕಂಡಲ್ಲಿ ಕಿತ್ತು ಉಗುರಿನ ಮೇಲೆ ಒರೆದು ಬಿಸಾಡುತ್ತಾರೆ. ಆ ಉಗುರಿನ ಮೂಲಕವೂ ಒಂದು ಜ್ವರ ಮನೆಯೊಳಗೆ ಬರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಉಣ್ಣೆಯಿಂದ ಜ್ವರ ಎಂದೊಡನೆ ಕರ್ನಾಟಕದವರಿಗೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಆ ರೋಗಕ್ಕೆ ಕಾರಣ ಒಂದು ವೈರಸ್. ಅದು ಮಲೆನಾಡಿನ ಕಾಡಿಗೆ, ಮಂಗಗಳಿಗೆ ಅಂಟಿಕೊಂಡ ಕಥೆ. ಇಲ್ಲಿ ಹೇಳಹೊರಟ ಚುಕ್ಕೆ ಜ್ವರವೇ ಬೇರೆ. ಇದಕ್ಕೆ ಕಾಡೂ ಬೇಡ, ಮಂಗವೂ ಬೇಡ. ಒಂದು ನಾಯಿ, ಒಂದು ಕೊಟ್ಟಿಗೆ, ಗೋಡೆಯಲ್ಲಿ ನಾಲ್ಕು ಬಿರುಕು ಇದ್ದರೆ ಸಾಕು. ವೈದ್ಯರು ಇದನ್ನು ಇಂಡಿಯನ್ ಟಿಕ್ ಟೈಫಸ್ ಎನ್ನುತ್ತಾರೆ. ಎರಡರ ನಡುವಿನ ಇನ್ನೊಂದು ಭೇದವೇ ಬಹು ಮುಖ್ಯವಾದದ್ದು: ಮಂಗನ ಕಾಯಿಲೆಯ ವೈರಸ್ಸನ್ನು ಕೊಲ್ಲುವ ಔಷಧವಿಲ್ಲ, ಚುಕ್ಕೆ ಜ್ವರಕ್ಕೆ ಇದೆ. ಅದೂ ಕೆಲವೇ ರೂಪಾಯಿಗಳ ಮಾತ್ರೆ. ಆದರೆ ಸಕಾಲದಲ್ಲಿ ಕೊಡಬೇಕು.

ಎಂಟು ಕಾಲಿನ ಪ್ರಾಣಿ

ಉಣ್ಣೆಯನ್ನು ಹುಳು ಎಂದರೂ ಅದು ಕೀಟವಲ್ಲ. ಮುಚ್ಚಿದ ಗಾಜಿನ ಬಾಟಲಿಯಲ್ಲಿಟ್ಟು ಭೂತಗನ್ನಡಿಯಲ್ಲಿ ಕಾಲು ಎಣಿಸಿದರೆ ಎಂಟು ಸಿಗುತ್ತವೆ. ಎಂದರೆ ಅದು ಜೇಡ, ಚೇಳುಗಳ ಬಳಗಕ್ಕೆ ಸೇರಿದ್ದು. ಮೊಟ್ಟೆಯಿಂದ ಆಗತಾನೆ ಹೊರಬಂದ ಮರಿಗೆ ಮಾತ್ರ ಆರೇ ಕಾಲು. ಒಮ್ಮೆ ರಕ್ತ ಕುಡಿದು, ಪೊರೆ ಕಳಚಿದ ಮೇಲೆ ಅದಕ್ಕೆ ಎಂಟು ಕಾಲು ಬರುತ್ತವೆ. ಮತ್ತೊಮ್ಮೆ ರಕ್ತ ಕುಡಿದು, ಮತ್ತೊಮ್ಮೆ ಪೊರೆ ಕಳಚಿದರೆ ಅದು ಪ್ರೌಢ ಉಣ್ಣೆ. ಮರಿ ಗಸಗಸೆಯಷ್ಟು ಇದ್ದರೆ, ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ಔಡಲ ಬೀಜದಂತೆ ಕಾಣುತ್ತದೆ. ಔಡಲಕ್ಕೆ ಸಸ್ಯಶಾಸ್ತ್ರದಲ್ಲಿರುವ ಹೆಸರು ರಿಸಿನಸ್. ಲ್ಯಾಟಿನ್ ಭಾಷೆಯಲ್ಲಿ ರಿಸಿನಸ್ ಎಂದರೆ ಉಣ್ಣೆ ಎಂದೇ ಅರ್ಥ! ನಮ್ಮ ರೈತನ ಕಣ್ಣಿಗೆ ಕಂಡ ಹೋಲಿಕೆ ರೋಮಿನವನ ಕಣ್ಣಿಗೂ ಕಂಡಿತ್ತು.

ಉಣ್ಣೆಗೆ ರೆಕ್ಕೆಯಿಲ್ಲ, ಹಾರಿ ಕುಪ್ಪಳಿಸಲೂ ಬಾರದು. ಅದು ಹುಲ್ಲಿನ ತುದಿಗೋ ಗೋಡೆಯ ಮೇಲಕ್ಕೋ ಏರಿ, ಮುಂಗಾಲು ಚಾಚಿ ಕಾಯುತ್ತದೆ. ಆ ಮುಂಗಾಲುಗಳಲ್ಲಿ ಹಾಲರ್ ಅಂಗ ಎಂಬ ಒಂದು ಸೂಕ್ಷ್ಮ ರಚನೆಯಿದೆ. ಪ್ರಾಣಿಯ ಉಸಿರಿನ ಇಂಗಾಲದ ಡೈಆಕ್ಸೈಡು, ಮೈಯ ಬಿಸಿ, ವಾಸನೆ ಎಲ್ಲವನ್ನೂ ಅದು ಗ್ರಹಿಸುತ್ತದೆ. ಸಮೀಪಕ್ಕೆ ಬಂದದ್ದು ನಾಯಿಯೋ ನರಮನುಷ್ಯನೋ, ಅಂಟಿಕೊಳ್ಳುವುದು ತಡವಿಲ್ಲ. ಕಚ್ಚುವಾಗ ಅದರ ಜೊಲ್ಲಿನಲ್ಲಿರುವ ರಾಸಾಯನಿಕಗಳು ನೋವು ತಿಳಿಯದಂತೆ, ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ಹೀಗಾಗಿ ಸೊಳ್ಳೆ ಕಚ್ಚಿದರೆ ಒಡನೆಯೇ ಕೈ ಹೋಗುತ್ತದೆ. ಉಣ್ಣೆ ದಿನಗಟ್ಟಲೆ ಕುಳಿತರೂ ತಿಳಿಯುವುದಿಲ್ಲ.

ಚುಕ್ಕೆ ಜ್ವರವನ್ನು ಹರಡುವುದರಲ್ಲಿ ನಾಯಿಯ ಮೈಮೇಲಿನ ಕಂದು ಉಣ್ಣೆಯದು ದೊಡ್ಡ ಪಾಲು. ಬೇರೆ ಉಣ್ಣೆಗಳು ಹೊಲ, ಹುಲ್ಲುಗಾವಲು ಹುಡುಕಿದರೆ ಇದು ಮನೆಯೊಳಗೇ ಸಂಸಾರ ಹೂಡಬಲ್ಲದು. ಹೊಟ್ಟೆ ತುಂಬಿದ ಮೇಲೆ ನಾಯಿಯಿಂದ ಉದುರಿ ಗೋಡೆಯ ಬಿರುಕು ಸೇರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಉತ್ತರ ಕರ್ನಾಟಕದ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಒಂದು ಬದಿಗೆ ದನದ ಗೋದಲಿ, ಇನ್ನೊಂದು ಬದಿಗೆ ಜನ ಕೂಡುವ ಕಟ್ಟೆ. ಕುರಿಗಾರರ ಜೊತೆಗಂತೂ ನಾಯಿ ಹಗಲೂ ರಾತ್ರಿ ಇರಲೇಬೇಕು. ದನ, ನಾಯಿ, ಮನುಷ್ಯ ಒಂದೇ ಸೂರಿನಡಿ ಇರುವುದು ಬೈಯುವಂಥ ಸಂಗತಿಯಲ್ಲ. ಒಕ್ಕಲುತನದ ಬದುಕೇ ಹಾಗೆ. ಅಲ್ಲಿ ಉಣ್ಣೆಗೂ ಒಂದು ಪಾಲು ಸಿಕ್ಕಿದೆ ಎಂಬುದಷ್ಟೇ ತಿಳಿದಿರಬೇಕು.

ರಿಕೆಟ್ಸ್ ಕಂಡದ್ದು

ಉಣ್ಣೆ ಜ್ವರ ತರುತ್ತದೆಂಬುದನ್ನು ಪ್ರಯೋಗದಿಂದ ಸಾಬೀತು ಮಾಡಿದವನು ಅಮೆರಿಕದ ಹೊವಾರ್ಡ್ ಟೇಲರ್ ರಿಕೆಟ್ಸ್. ಮೊಂಟಾನಾ ಪ್ರಾಂತದ ಬಿಟರ್‌ರೂಟ್ ಕಣಿವೆಯಲ್ಲಿ ಮೈತುಂಬ ಚುಕ್ಕೆಯೆದ್ದು ಜನ ಸಾಯುತ್ತಿದ್ದರು. ರೋಗ ತಗಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುತ್ತಿರಲಿಲ್ಲ. ಕಾರಣ ನೀರೆಂದರು ಕೆಲವರು, ಗಾಳಿಯೆಂದರು ಕೆಲವರು. ರಿಕೆಟ್ಸ್ 1906ರಲ್ಲಿ ರೋಗಗ್ರಸ್ತ ಪ್ರಾಣಿಯ ರಕ್ತ ಕುಡಿದ ಉಣ್ಣೆಯನ್ನು ಆರೋಗ್ಯವಂತ ಗಿನಿಯಿಲಿಯ ಮೇಲೆ ಬಿಟ್ಟು, ಅದಕ್ಕೂ ರೋಗ ಬಂದುದನ್ನು ತೋರಿಸಿದ. ತಾಯಿ ಉಣ್ಣೆಯಿಂದ ಮೊಟ್ಟೆಯ ಮೂಲಕ ಮರಿಗೂ ರೋಗಾಣು ದಾಟುತ್ತದೆಂಬುದನ್ನೂ ಕಂಡುಕೊಂಡ. ಮಲೇರಿಯಾದ ಸೊಳ್ಳೆ ಮೊದಲು ರೋಗಿಯನ್ನು ಕಚ್ಚಬೇಕು, ಆಮೇಲೆ ಇನ್ನೊಬ್ಬರಿಗೆ ರೋಗ ಕೊಡಬೇಕು. ಉಣ್ಣೆಗೆ ಆ ಹಂಗಿಲ್ಲ. ಕೆಲವು ಹುಟ್ಟುವಾಗಲೇ ರೋಗಾಣು ಹೊತ್ತಿರುತ್ತವೆ. ಮುಂದೆ ಹೇನಿನಿಂದ ಹರಡುವ ಟೈಫಸ್ ಜ್ವರವನ್ನು ಅಭ್ಯಸಿಸಲು ಮೆಕ್ಸಿಕೋಕ್ಕೆ ಹೋದ ರಿಕೆಟ್ಸ್‌ಗೆ ಅದೇ ಜ್ವರ ತಗಲಿ, 1910ರಲ್ಲಿ, 39ನೆಯ ವಯಸ್ಸಿನಲ್ಲಿ ತೀರಿಕೊಂಡ. ಈ ಗುಂಪಿನ ರೋಗಾಣುಗಳಿಗೆ ರಿಕೆಟ್ಸಿಯಾ ಎಂಬ ಹೆಸರು ಬಂದದ್ದು ಆತನಿಂದಲೇ.

ಅದೇ 1910ರಲ್ಲಿ ಟ್ಯುನಿಸ್ ನಗರದಲ್ಲಿ ಕಾನರ್ ಮತ್ತು ಬ್ರೂಷ್ ಎಂಬ ವೈದ್ಯರು ಮೆಡಿಟರೇನಿಯನ್ ತೀರದ ಚುಕ್ಕೆ ಜ್ವರವನ್ನು ವರ್ಣಿಸಿದರು. ಭಾರತದಲ್ಲಿ ಕಾಣುವುದು ಅದರ ದಾಯಾದಿ. ಅದರ ರೋಗಾಣುವಿಗೆ ಕಾನರ್‌ನ ಹೆಸರಿನಿಂದ ರಿಕೆಟ್ಸಿಯಾ ಕೊನೊರಿ ಎನ್ನುತ್ತಾರೆ. ಹಿಮಾಲಯದ ತಪ್ಪಲಿನ ಕುಮಾವ್ ಸೀಮೆಯಲ್ಲಿ ಉಣ್ಣೆಯಿಂದ ಬಂದಿರಬಹುದಾದ ಇಂಥ ಜ್ವರದ ಬಗ್ಗೆ ಮೆಗಾ ಎಂಬ ವೈದ್ಯಾಧಿಕಾರಿ 1917 ಮತ್ತು 1921ರಲ್ಲಿ ಬರೆದಿದ್ದರು. ಆಮೇಲೆ ಬಹುಕಾಲ ಇದು ವೈದ್ಯರ ಮನಸ್ಸಿನಿಂದಲೇ ಮರೆಯಾಗಿತ್ತೆನ್ನಬೇಕು. 2001ರಲ್ಲಿ ವೆಲ್ಲೂರಿನ ವೈದ್ಯರು, 2010ರ ಆಸುಪಾಸಿನಲ್ಲಿ ಮಹಾರಾಷ್ಟ್ರದ ಅಕೋಲಾದ ಮಕ್ಕಳ ವೈದ್ಯರು ಮಕ್ಕಳಲ್ಲಿ ಇದನ್ನು ಹೇಗೆ ಗುರುತಿಸಬೇಕೆಂದು ಬರೆದರು. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ವೈದ್ಯರು 2016ರಲ್ಲಿಯೂ, ದಾವಣಗೆರೆಯ ಚರ್ಮರೋಗ ವೈದ್ಯರು 2017ರಲ್ಲಿಯೂ ತಮ್ಮಲ್ಲಿಗೆ ಬಂದ ರೋಗಿಗಳ ವಿವರ ಪ್ರಕಟಿಸಿದ್ದಾರೆ. ಅಕೋಲಾ ಕೂಡ ರೋಣದಂತೆಯೇ ಎರೆಮಣ್ಣು, ಹತ್ತಿ, ಜೋಳಗಳ ನಾಡು ಎಂಬುದನ್ನು ಮರೆಯಬಾರದು.

ಮೈಯೊಳಗೆ ಏನಾಗುತ್ತದೆ?

ಸಾವಿರ ರಿಕೆಟ್ಸಿಯಾಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು ಒಂದು ಮಿಲಿಮೀಟರ್ ಆದೀತು. ಬ್ಯಾಕ್ಟೀರಿಯಾವೇ ಆದರೂ ಇದು ಜೀವಕೋಶದ ಒಳಗಲ್ಲದೆ ಬೆಳೆಯದು. ಇದು ಆರಿಸಿಕೊಳ್ಳುವ ಮನೆ ಸಣ್ಣ ರಕ್ತನಾಳಗಳ ಒಳಪದರ. ಹೊಲಕ್ಕೆ ನೀರು ಹರಿಸುವ ಕಾಲುವೆಯ ಒಡ್ಡನ್ನು ಇಲಿಗಳು ತೋಡಿದರೆ ಏನಾಗುತ್ತದೆ? ಅಲ್ಲಲ್ಲಿ ನೀರು ಜಿನುಗುತ್ತದೆ, ಕೊನೆಯ ಮಡಿಗೆ ನೀರು ಮುಟ್ಟುವುದಿಲ್ಲ. ಇಲ್ಲಿಯೂ ಹಾಗೆಯೇ. ನಾಳಗಳಿಂದ ಜಿನುಗಿದ ರಕ್ತವೇ ಚರ್ಮದ ಮೇಲಿನ ಚುಕ್ಕೆ. ದ್ರವ ಸೋರಿದ್ದರಿಂದ ಕೈಕಾಲು, ಮುಖ ಬಾತುಕೊಳ್ಳುತ್ತವೆ. ರೋಗ ಬಲಿತರೆ ಬೆರಳ ತುದಿ, ಕಿವಿಯ ಹಾಲೆಗಳಿಗೆ ರಕ್ತ ತಲುಪದೆ ಕಪ್ಪಾಗಿ ಕೊಳೆಯುವುದೂ ಉಂಟು. ಮಿದುಳು, ಮೂತ್ರಪಿಂಡ, ಶ್ವಾಸಕೋಶಗಳ ನಾಳಗಳೂ ಇದಕ್ಕೆ ಹೊರತಲ್ಲ. ಪ್ರಾಣ ಹೋಗುವುದು ಅಲ್ಲಿ.

ಉಣ್ಣೆ ಕಚ್ಚಿದ ಸಾಮಾನ್ಯವಾಗಿ ಒಂದು ವಾರದೊಳಗೆ, ಕೆಲವೊಮ್ಮೆ ಎರಡು ವಾರಕ್ಕೆ, ಜ್ವರ ಏರುತ್ತದೆ. ತೀವ್ರ ತಲೆನೋವು, ಮೈಕೈ ನೋವು ಇರುತ್ತದೆ. ಮಕ್ಕಳು ಮೀನಖಂಡ ನೋಯುತ್ತದೆಂದು ಅಳುತ್ತಾರೆ. ಮೂರರಿಂದ ಐದನೆಯ ದಿನದ ಹೊತ್ತಿಗೆ ಮಣಿಕಟ್ಟು, ಹರಡಿನ ಸುತ್ತ ಕೆಂಪು ಗಂಧೆಗಳು ಕಾಣಿಸಿಕೊಂಡು ಮೈಗೆ ಹರಡುತ್ತವೆ. ಅಂಗೈ, ಅಂಗಾಲುಗಳನ್ನೂ ಬಿಡುವುದಿಲ್ಲ. ಇದು ನೆನಪಿಡಬೇಕಾದ ಗುರುತು. ದಡಾರದ ಗಂಧೆ ಮುಖದಿಂದ, ಕಿವಿಯ ಹಿಂದಿನಿಂದ ಶುರುವಾಗಿ ಕೆಳಗಿಳಿಯುತ್ತದೆ. ಇದು ಕೈಕಾಲ ತುದಿಯಿಂದ ಒಳಗೆ ಬರುತ್ತದೆ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಗಂಧೆ ಬೇಗ ಕಾಣದು. ಅಂಗೈ, ಅಂಗಾಲುಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಉಣ್ಣೆ ಕಚ್ಚಿದಲ್ಲಿ ಕರಿಯ ಹಕ್ಕಳೆ ಇದ್ದರೆ ಗುರುತು ಇನ್ನೂ ಸುಲಭ, ಆದರೆ ನಮ್ಮ ದೇಶದ ಚುಕ್ಕೆ ಜ್ವರದಲ್ಲಿ ಅದು ಎಲ್ಲರಲ್ಲೂ ಸಿಗುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಈ ಜ್ವರ ಅಂಟುವುದಿಲ್ಲವಾದ್ದರಿಂದ ಮಗುವನ್ನು ದೂರವಿಡುವ ಅಗತ್ಯವಿಲ್ಲ.

ತೊಂದರೆ ಇರುವುದು ಮೊದಲ ಮೂರು ದಿನ. ಆಗ ಇದು ಡೆಂಗೆಯಂತೆ, ಟೈಫಾಯ್ಡಿನಂತೆ, ಬರಿಯ ಜ್ವರದಂತೆ ಕಾಣುತ್ತದೆ. ಟೈಫಸ್ ಮತ್ತು ಟೈಫಾಯ್ಡ್ ಹೆಸರುಗಳೂ ಗೊಂದಲ ಹುಟ್ಟಿಸುತ್ತವೆ. ಟೈಫಾಯ್ಡ್ ಎಂದರೆ ಟೈಫಸ್‌ನಂಥದು ಎಂದು ಅರ್ಥವೇ ಹೊರತು ರೋಗ ಒಂದಲ್ಲ; ಟೈಫಾಯ್ಡ್ ಬರುವುದು ಕಲುಷಿತ ನೀರು, ಆಹಾರದಿಂದ. ಪೆನಿಸಿಲಿನ್ ಬಳಗದ ಔಷಧಗಳು ಜೀವಕೋಶದೊಳಗೆ ಅಡಗಿದ ರಿಕೆಟ್ಸಿಯಾಗಳ ಮೇಲೆ ಫಲ ಕೊಡುವುದಿಲ್ಲ. ಊರಿನ ಅಂಗಡಿಯಿಂದ ತಂದ ಮಾತ್ರೆ, ಎರಡು ಇಂಜೆಕ್ಷನ್ನು ಎಂದು ಐದಾರು ದಿನ ಕಳೆದರೆ ಹೋದ ಆ ದಿನಗಳು ಮತ್ತೆ ಬರುವುದಿಲ್ಲ.

ರಕ್ತ ಪರೀಕ್ಷೆಯಿಂದ ತಿಳಿಯದೇ ಎಂದು ಕೇಳಬಹುದು. 1916ರಷ್ಟು ಹಳೆಯದಾದ ವೈಲ್–ಫೆಲಿಕ್ಸ್ ಪರೀಕ್ಷೆ ಇದೆ. ಅದರ ತತ್ವ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರ. ರಿಕೆಟ್ಸಿಯಾದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು, ಅದಕ್ಕೆ ಸಂಬಂಧವೇ ಇಲ್ಲದ ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳನ್ನೂ ಗಂಟುಗಟ್ಟಿಸುತ್ತವೆ. ಒಂದು ಬೀಗಕ್ಕೆ ಮಾಡಿದ ಕೀಲಿ ಇನ್ನೊಂದಕ್ಕೂ ಹೊಂದಿದ ಹಾಗೆ! ಎಲೈಸಾದಂಥ ಹೊಸ ಪರೀಕ್ಷೆಗಳು ಇದಕ್ಕಿಂತ ನಂಬಲರ್ಹ. ಆದರೆ ಯಾವ ಪರೀಕ್ಷೆಯಾದರೂ ಪ್ರತಿಕಾಯಗಳನ್ನೇ ಹುಡುಕುವುದಾದರೆ, ಅವು ಹುಟ್ಟುವುದಕ್ಕೆ ವಾರ ಹಿಡಿಯುತ್ತದೆ. ಆದ್ದರಿಂದಲೇ 2015ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ, ರೋಗದ ಸಂಶಯ ಬಲವಾಗಿದ್ದರೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಚಿಕಿತ್ಸೆ ಶುರು ಮಾಡಬೇಕೆಂದು ಹೇಳಿತು. ಔಷಧ ಡಾಕ್ಸಿಸೈಕ್ಲಿನ್. ಮಕ್ಕಳ ಹಲ್ಲು ಕಂದಾಗುತ್ತದೆಂಬ ಅಂಜಿಕೆ ಹಳೆಯ ಟೆಟ್ರಾಸೈಕ್ಲಿನ್ ಕಾಲದ್ದು. ಈ ರೋಗಕ್ಕೆ ಬೇಕಾಗುವ ಕೆಲವೇ ದಿನಗಳ ಡಾಕ್ಸಿಸೈಕ್ಲಿನ್‌ಗೆ ಆ ಅಂಜಿಕೆ ಸಲ್ಲದೆಂದು ಈಗ ತಿಳಿದಿದೆ. ಗರ್ಭಿಣಿಯರಿಗೆ ಬೇರೆ ಔಷಧವುಂಟು. ಪ್ರಮಾಣ, ದಿನಗಳ ಲೆಕ್ಕ ವೈದ್ಯರದೇ ಆಗಿರಬೇಕು. ಸಕಾಲದಲ್ಲಿ ಕೊಟ್ಟರೆ ಬಹುತೇಕ ಎರಡು ಮೂರು ದಿನಗಳಲ್ಲಿ ಜ್ವರ ಇಳಿಯುತ್ತದೆ.

ತಂದೆತಾಯಿಗಳ ಪಾಲಿನ ಕೆಲಸ ಚಿಕ್ಕದು. ಜ್ವರದ ಮಗುವನ್ನು ಆಸ್ಪತ್ರೆಗೆ ಒಯ್ದಾಗ, ಮನೆಯಲ್ಲಿ ನಾಯಿ, ದನ, ಕುರಿ ಇವೆ, ಮೈಮೇಲೆ ಉಣ್ಣಿ ಸಿಕ್ಕಿತ್ತು ಎಂಬ ಮಾತನ್ನು ಕೇಳದಿದ್ದರೂ ಹೇಳಬೇಕು. ವೈದ್ಯರ ಯೋಚನೆಯ ದಿಕ್ಕನ್ನೇ ಅದು ಬದಲಿಸಬಹುದು.

ಇನ್ನು ಉಣ್ಣಿ ತೆಗೆಯುವ ವಿಚಾರ. ಬೀಡಿಯ ಬೆಂಕಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದು, ಸುಣ್ಣ ಬಳಿಯುವುದು ರೂಢಿಯಲ್ಲಿವೆ. ಇವುಗಳಿಂದ ಕೆರಳಿದ ಉಣ್ಣೆ ತನ್ನ ಜೊಲ್ಲನ್ನು, ಅದರ ಜೊತೆಗೆ ರೋಗಾಣುವನ್ನು ಇನ್ನಷ್ಟು ಒಳಗೆ ಬಿಡಬಹುದು. ಮೊನಚಾದ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ, ಉಣ್ಣೆಯ ಬಾಯಿಯ ಬಳಿ ಹಿಡಿದು, ತಿರುಚದೆ ನೆಟ್ಟಗೆ ಮೇಲಕ್ಕೆ ಎಳೆಯಬೇಕು. ಚಿಮಟವಿಲ್ಲದಿದ್ದರೆ ಬಟ್ಟೆ ಸುತ್ತಿದ ಬೆರಳೂ ಆದೀತು. ಸೋಪು ನೀರಿನಲ್ಲಿ ಜಾಗವನ್ನೂ ಕೈಯನ್ನೂ ತೊಳೆಯಬೇಕು. ಬೇಗ ಕಿತ್ತಷ್ಟೂ ಒಳ್ಳೆಯದು, ಏಕೆಂದರೆ ರೋಗಾಣು ದಾಟಲು ಸಾಮಾನ್ಯವಾಗಿ ಕೆಲವು ತಾಸುಗಳ ಕಚ್ಚುವಿಕೆ ಬೇಕು. ಹೊಲದಿಂದ, ಕುರಿದಡ್ಡಿಯಿಂದ ಬಂದ ಮಕ್ಕಳ ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ತೊಡೆಸಂದು, ಉಡದಾರದ ಕೆಳಗೆ ನೋಡಬೇಕೆನ್ನುವುದು ಇದಕ್ಕೇ. ನಾಯಿಗೂ ದನಕ್ಕೂ ಉಣ್ಣಿಯ ಔಷಧ ಪಶುವೈದ್ಯರಲ್ಲಿ ಸಿಗುತ್ತದೆ. ನಾಯಿಗೆ ಹಾಕಿದ ದಿನವೇ ಅದು ಮಲಗುವ ಜಾಗದ ಗೋಡೆಯ ಬಿರುಕುಗಳನ್ನೂ ಮೆತ್ತಿ ಮುಚ್ಚಬೇಕು. ಕಿತ್ತ ಉಣ್ಣಿಯನ್ನು ಮಾತ್ರ ಉಗುರಿನಲ್ಲಿ ಒರೆಯಬಾರದು. ಅದರ ಹೊಟ್ಟೆಯ ರಸ ಬೆರಳಿನ ಗಾಯಕ್ಕೋ, ಉಜ್ಜಿಕೊಂಡ ಕಣ್ಣಿಗೋ ತಾಗಿದರೂ ರೋಗ ಬರಬಹುದು. ಸೋಪಿನ ನೀರು ತುಂಬಿದ ಹಳೆಯ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದರೆ ಆಯಿತು.