ಬೆಂಕಿ ಬೀಳುವ ಮೊದಲೇ ಬಾವಿ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆಯನ್ನು ನಾವು ತರಗತಿಯಲ್ಲಿ ವರ್ಷವರ್ಷವೂ ವಿವರಿಸುತ್ತೇವೆ. ಅದರ ಅರ್ಥವನ್ನು ತಮಿಳುನಾಡಿನ ತೇನಿ ಜಿಲ್ಲೆ 2018ರಲ್ಲಿ ಕಣ್ಣಾರೆ ಕಂಡಿತು.

ಅಲ್ಲಿನ ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡ, ಹೊರಗೆ ತಮಿಳು ಆಡುವ ನಮ್ಮವರಿದ್ದಾರೆ. ಕಾಮಯಗೌಂಡನ್‌ಪಟ್ಟಿಯಂಥ ಊರುಗಳಿಗೆ ಘಟ್ಟವೇ ನೆರೆ. ಅದೇ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಮಾರ್ಚ್ 11ರಂದು ಕಾಳ್ಗಿಚ್ಚು ಚಾರಣಿಗರನ್ನು ಸುತ್ತುವರಿಯಿತು. 20ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಕಡಿದಾದ ಕಾಲುದಾರಿಯನ್ನು ಅಗ್ನಿಶಾಮಕ ಲಾರಿ ಏರಲಾರದು. ಮೊದಲು ಓಡಿದವರು ಊರವರೇ. ಡೋಲಿ ಕಟ್ಟಿ ಗಾಯಾಳುಗಳನ್ನು ಹೊತ್ತಿಳಿಸಿದರು. ವಾಯುಪಡೆಯ ಹೆಲಿಕಾಪ್ಟರುಗಳು ಆಮೇಲೆ ಬಂದವು.

ಆದುದರಿಂದ ಅಗ್ನಿಶಾಮಕ ಇಲಾಖೆಯ ಹತ್ತು ವರ್ಷಗಳ ಯೋಜನೆಯೆಂದರೆ ಹೊಸ ಲಾರಿಗಳ ಪಟ್ಟಿ ಮಾತ್ರವಲ್ಲ. ಯಾವ ದಾರಿ ಎಲ್ಲಿ ಮುಗಿಯುತ್ತದೆ, ಬೇಸಿಗೆಯಲ್ಲಿ ಯಾವ ಕೆರೆಯಲ್ಲಿ ನೀರಿರುತ್ತದೆ, ಊರಲ್ಲಿ ತರಬೇತಾದವರು ಯಾರು ಎಂಬುದು ಮೊದಲೇ ಬರೆದಿರಬೇಕು. ಪ್ರತಿವರ್ಷ ಅದನ್ನು ತಿದ್ದುತ್ತಿರಬೇಕು.

ನಮ್ಮ ಪದವುಗಳ ಮುಳಿಹುಲ್ಲೂ ಮಾರ್ಚಿಗೆ ಒಣಗಿ ನಿಲ್ಲುತ್ತದೆ. ಕೇರಳದ ಅಗ್ನಿಶಾಮಕ ಇಲಾಖೆಯಡಿ ಸಿವಿಲ್ ಡಿಫೆನ್ಸ್ ಸ್ವಯಂಸೇವಕರ ದಳವಿದೆ. ನಮ್ಮ ಮಕ್ಕಳು ಅದಕ್ಕೆ ಸೇರಲಿ. ಮನೆಯಲ್ಲಿ ಒಂಟಿಯಾಗಿರುವ ಅಜ್ಜಿ 101ಕ್ಕೆ ಕರೆದು ಕನ್ನಡದಲ್ಲಿ ಕೂಗಿದರೆ, ಆ ತುದಿಯಲ್ಲಿ ಅರ್ಥವಾಗುವವರೊಬ್ಬರು ಬೇಡವೇ? ಯೋಜನೆಯಲ್ಲಿ ಆ ಒಂದು ಸಾಲನ್ನು ಕೇಳಿ ಬರೆಯಿಸುವುದು ನಮ್ಮ ಹೊಣೆ.